ಬುದ್ಧಿಭ್ರಮಣೆಯೂ ಸಂಕೋಲೆಯೂ

ಮನೋರೋಗದ ವಿಷಯವಾಗಿ ವಿದ್ಯಾವಂತರ ಮನೆಗಳಲ್ಲಿ ಎರಡು ಬಗೆಯ ಅಭಿಮಾನದ ಮಾತುಗಳು ಕೇಳಿಬರುತ್ತವೆ. ಪ್ರಾಚೀನ ವೈದ್ಯಶಾಸ್ತ್ರದಲ್ಲಿ ಇಲ್ಲದ್ದೇನಿದೆ, ಚರಕಾಚಾರ್ಯನು ಎಲ್ಲವನ್ನೂ ಹೇಳಿಟ್ಟಿದ್ದಾನೆಂಬುದು ಒಂದು ಪಕ್ಷ. ಭೂತಪ್ರೇತಗಳ ಕಾಲ ಕಳೆದುಹೋಯಿತು, ಪಾಶ್ಚಾತ್ಯ ವಿಜ್ಞಾನವು ರೋಗಿಯ ಸಂಕೋಲೆಯನ್ನು ಕಳಚಿತೆಂಬುದು ಮತ್ತೊಂದು ಪಕ್ಷ. ಇಬ್ಬರೂ ತಂತಮ್ಮ ಮಾತಿನಿಂದ ತೃಪ್ತರು. ಆದರೆ ಈ ಎರಡು ಪಕ್ಷದವರ ಮನೆಗಳಲ್ಲಿಯೂ ಹಿತ್ತಲ ಕಡೆಯ ಕೋಣೆಗೆ ಹೊರಗಿನಿಂದ ಅಗುಳಿ ಬಿದ್ದಿರುವುದುಂಟು. ನೆಂಟರಿಷ್ಟರ ಕಣ್ಣಿಗೆ ಬೀಳದಂತೆ ಅದರೊಳಗೆ ಒಬ್ಬ ತಮ್ಮನನ್ನೋ ಒಬ್ಬ ಸೋದರತ್ತೆಯನ್ನೋ ಇರಿಸಿರುವುದುಂಟು. ನಿಷ್ಪಕ್ಷಪಾತವಾಗಿ ಚರಿತ್ರೆಯನ್ನು ನೋಡಿದರೆ ಎರಡು ಅಭಿಮಾನಗಳೂ ನಿಲ್ಲಲಾರವು. ರೋಗದ ಕಾರಣವನ್ನು ಕುರಿತ ಮತವು ಎಷ್ಟೋ ಸಲ ಬದಲಾಯಿತು. ರೋಗಿಯನ್ನು ಕಟ್ಟಿಹಾಕುವ ಕೈ ಮಾತ್ರ ಅಷ್ಟು ಬೇಗ ಬದಲಾಗಲಿಲ್ಲ.

ಮೊದಲು ಪ್ರಾಚೀನಾಭಿಮಾನಿಗಳ ಪಕ್ಷ. ಚರಕಸಂಹಿತೆಯ ನಿದಾನಸ್ಥಾನದ 7ನೆಯ ಅಧ್ಯಾಯವೂ ಚಿಕಿತ್ಸಾಸ್ಥಾನದ 9ನೆಯ ಅಧ್ಯಾಯವೂ ಉನ್ಮಾದಕ್ಕೆ ಮೀಸಲು. ವಾತ, ಪಿತ್ತ, ಕಫಗಳಿಂದ ಮೂರು, ಮೂರೂ ಕೂಡಿ ಒಂದು, ಆಗಂತುಕವೊಂದು, ಹೀಗೆ ಉನ್ಮಾದವು ಐದು ಬಗೆ. ತನ್ನನ್ನು ತಾನು ಕೆಡಿಸಿಕೊಳ್ಳದ ಮನುಷ್ಯನನ್ನು ದೇವತೆಗಳಾಗಲಿ ಪಿಶಾಚಗಳಾಗಲಿ ಪೀಡಿಸುವುದಿಲ್ಲವೆಂದೂ, ಪ್ರಜ್ಞಾಪರಾಧದಿಂದ ಹುಟ್ಟಿದ ರೋಗಕ್ಕೆ ದೇವತೆಗಳನ್ನು ದೂರಬಾರದೆಂದೂ ಅಲ್ಲಿ ಸ್ಪಷ್ಟವಾಗಿದೆ. ಆ ಕಾಲಕ್ಕೆ ಇದು ಸಾಮಾನ್ಯವಾದ ಧೈರ್ಯವಲ್ಲ. ಆದರೆ ದೇವತೆಗಳ ಮೇಲಿಂದ ಇಳಿದ ಅಪವಾದವು ರೋಗಿಯ ತಲೆಯ ಮೇಲೆಯೇ ಬಂದು ಕುಳಿತಿತೆಂಬುದನ್ನು ಅಭಿಮಾನಿಗಳು ಗಮನಿಸುವುದಿಲ್ಲ. ಚಿಕಿತ್ಸೆಯನ್ನು ನೋಡಿದರೂ ಹಾಗೆಯೇ. ಸ್ನೇಹಿತರು ಧರ್ಮಾರ್ಥಯುಕ್ತವಾದ ಮಾತುಗಳಿಂದ ರೋಗಿಯನ್ನು ಸಂತೈಸಬೇಕೆನ್ನುವ ಅಧ್ಯಾಯವೇ, ಚಾವಟಿಯಿಂದ ಹೊಡೆದು, ಬಿಗಿಯಾಗಿ ಕಟ್ಟಿ, ನಿರ್ಜನವಾದ ಮನೆಯಲ್ಲಿ ಕೂಡಿಹಾಕುವುದನ್ನೂ, ಹಲ್ಲು ಕಿತ್ತ ಹಾವಿನಿಂದಲೂ ಪಳಗಿಸಿದ ಸಿಂಹ ಗಜಗಳಿಂದಲೂ ಹೆದರಿಸುವುದನ್ನೂ ಚಿಕಿತ್ಸೆಯೆಂದೇ ಹೇಳುತ್ತದೆ. ಮೊದಲಿನದನ್ನು ಸಭೆಯಲ್ಲಿ ಎತ್ತಿ ಹೇಳಿ ಎರಡನೆಯದನ್ನು ಮರೆಮಾಚುವುದು ಪಾಂಡಿತ್ಯವಲ್ಲ, ವಕೀಲಿ.

ಎರಡನೆಯ ಪಕ್ಷದವರ ನೆಲೆಯೂ ಇದಕ್ಕಿಂತ ಭದ್ರವಲ್ಲ. ಅಪಸ್ಮಾರಕ್ಕೂ ಬುದ್ಧಿಭ್ರಮಣೆಗೂ ಮಿದುಳೇ ಮೂಲವೆಂದೂ ದೈವಕೋಪವಲ್ಲವೆಂದೂ ಗ್ರೀಸ್ ದೇಶದ ಹಿಪಾಕ್ರೆಟೀಸನ ಸಂಪ್ರದಾಯದವರು ಕ್ರಿಸ್ತಪೂರ್ವದಲ್ಲಿಯೇ ವಾದಿಸಿದ್ದರು. ಆ ಗ್ರಂಥಗಳನ್ನು ಓದುತ್ತಿದ್ದ ಯೂರೋಪಿನಲ್ಲಿಯೇ, ಲಂಡನ್ನಿನ ಬೆಥ್ಲೆಮ್ ಆಸ್ಪತ್ರೆಯ ರೋಗಿಗಳು 1770ರವರೆಗೂ ಊರ ಜನಕ್ಕೆ ವಿನೋದದ ನೋಟವಾಗಿದ್ದರು. ಆ ನೋಟವನ್ನು ನಿಲ್ಲಿಸಿದ ಬಳಿಕವೂ, 1814ರಲ್ಲಿ ಅಲ್ಲಿಗೆ ಪರೀಕ್ಷೆಗೆಂದು ಹೋದವರಿಗೆ ಜೇಮ್ಸ್ ನಾರಿಸ್ ಎಂಬ ರೋಗಿಯು ವರ್ಷಗಟ್ಟಲೆ ಕಬ್ಬಿಣದ ಪಟ್ಟಿಗಳಲ್ಲಿ ಬಂಧಿತನಾಗಿದ್ದುದು ಕಂಡುಬಂದಿತು.

ಪಾರೀಸಿನಲ್ಲಿ ಸಂಕೋಲೆ ಕಳಚಿದ ಕೀರ್ತಿಯನ್ನು ವೈದ್ಯಪಂಡಿತನಾದ ಪಿನೆಲ್‌ನಿಗೆ ಕೊಡುವುದು ವಾಡಿಕೆ. ಆದರೆ ಬಿಸೆತ್ರ್ ಆಸ್ಪತ್ರೆಯಲ್ಲಿ 1797ರಲ್ಲಿ ಕಬ್ಬಿಣವನ್ನು ತೆಗೆಸಿದವನು ಪುಸ್ಸಿನ್. ಅವನು ವೈದ್ಯನಲ್ಲ, ಒಂದು ಕಾಲದಲ್ಲಿ ಅದೇ ಆಸ್ಪತ್ರೆಯಲ್ಲಿ ಗಂಡಮಾಲೆಯ ರೋಗಿಯಾಗಿದ್ದು, ಗುಣವಾದ ಮೇಲೆ ಅಲ್ಲಿಯೇ ಮೇಲ್ವಿಚಾರಕನಾದವನು. ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ 1796ರಲ್ಲಿ ರೋಗಿಗಳಿಗಾಗಿ ಸೌಮ್ಯವಾದ ಆಶ್ರಯವೊಂದನ್ನು ತೆರೆದ ವಿಲಿಯಂ ಟ್ಯೂಕನು ಚಹಾ ವರ್ತಕ. ಶಾಸ್ತ್ರವನ್ನು ಓದದ ಈ ಇಬ್ಬರಿಗೆ ಹೊಳೆದದ್ದು ಪಂಡಿತರಿಗೆ ಏಕೆ ತಡವಾಗಿ ಹೊಳೆಯಿತು? ಪುಸ್ಸಿನ್‌ನು ಕೂಡ ಉಗ್ರರಾದವರಿಗೆ ಕಬ್ಬಿಣದ ಬದಲು ಬಿಗಿಯಂಗಿಯನ್ನು ತೊಡಿಸಿದನು. ಕಬ್ಬಿಣ ಹೋಗಿ ಬಟ್ಟೆ ಬಂದಿತು. ಕಟ್ಟು ಪೂರ್ತಿ ಬಿಚ್ಚಲಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಬಟ್ಟೆಯ ಸ್ಥಾನಕ್ಕೆ ಶಸ್ತ್ರವೂ ಬಂದಿತು. ಲಿಸ್ಬನ್ನಿನ ಎಗಾಸ್ ಮೊನೀಜನು 1935ರಲ್ಲಿ ಮಿದುಳಿನ ಮುಂಭಾಗದ ತಂತುಗಳನ್ನು ಕತ್ತರಿಸುವ ಕ್ರಮವನ್ನು ಆರಂಭಿಸಿದನು. ಅನೇಕ ರೋಗಿಗಳು ಶಾಂತರಾದರು. ಶಾಂತಿಯೊಡನೆ ಅವರ ಚೈತನ್ಯವೂ ಹೋಯಿತು. ಆದರೂ 1949ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಗಲಾಟೆ ನಿಂತರೆ ರೋಗ ಗುಣವಾಯಿತೆಂದು ಭಾವಿಸುವ ಭ್ರಾಂತಿಯು ಮಂತ್ರವಾದಿಗೆ ಮಾತ್ರ ಉಂಟೆನ್ನುವವರು ಇದನ್ನು ನೆನೆಯತಕ್ಕದ್ದು.

ಔಷಧಗಳ ಮಾತು ಬೇರೆ. ಅವುಗಳಿಂದ ಆದ ಉಪಕಾರ ನಿಜವಾದದ್ದು. ಸರ್ಪಗಂಧದ ಬೇರು ಉನ್ಮಾದಕ್ಕೆ ಉಪಯುಕ್ತವೆಂದು 1931ರಲ್ಲಿ ಕಲಕತ್ತೆಯ ಗಣನಾಥ ಸೇನರೂ ಕಾರ್ತಿಕಚಂದ್ರ ಬೋಸರೂ ಪ್ರಕಟಿಸಿದರು. 1952ರಲ್ಲಿ ಪಾರೀಸಿನ ವೈದ್ಯರು ಕ್ಲೋರ್‌ಪ್ರೋಮಜೀನ್ ಎಂಬ ಔಷಧದ ಗುಣವನ್ನು ಕಂಡರು. ವರ್ಷಾನುಗಟ್ಟಲೆ ಆಸ್ಪತ್ರೆಯಲ್ಲಿದ್ದವರಲ್ಲಿ ಎಷ್ಟೋ ಮಂದಿ ಮನೆಗೆ ಹಿಂದಿರುಗುವಂತಾಯಿತು. ಆದರೆ ಔಷಧವು ಆಸ್ಪತ್ರೆಯ ಬಾಗಿಲನ್ನು ತೆರೆಯಬಲ್ಲುದು. ಮನೆಯ ಬಾಗಿಲನ್ನು ಮನೆಯವರೇ ತೆರೆಯಬೇಕು.

ಹೆಸರುಗಳು ಬೇಕಾದಷ್ಟು ಬದಲಾಗಿವೆ. ಬೆಂಗಳೂರಿನ ಹುಚ್ಚಾಸ್ಪತ್ರೆಯನ್ನು ಮೈಸೂರು ಸರ್ಕಾರವು 1925ರಲ್ಲಿ ಮಾನಸಿಕ ಆಸ್ಪತ್ರೆಯೆಂದು ಕರೆಯಿತು. ಅದೇ ಬೆಳೆದು 1974ರಲ್ಲಿ ನಿಮ್ಹಾನ್ಸ್ ಆಯಿತು. 1912ರ ಹುಚ್ಚರ ಕಾಯಿದೆ ಹೋಗಿ 1987ರದು ಬಂದಿತು. ಅದೂ ಹೋಗಿ 2017ರದು ಬಂದಿತು. ಈ ಕಡೆಯ ಕಾಯಿದೆಯ 95ನೆಯ ಕಲಮು ಮನೋರೋಗಿಯನ್ನು ಯಾವ ವಿಧದಲ್ಲಿಯೂ ಸಂಕೋಲೆಯಿಂದ ಬಂಧಿಸಕೂಡದೆಂದು ನಿಷೇಧಿಸುತ್ತದೆ. 21ನೆಯ ಶತಮಾನದಲ್ಲಿ ಇಂತಹ ಕಲಮು ಬೇಕಾದದ್ದೇ ನಾಚಿಕೆಯ ವಿಷಯ. ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಬೆಳಗಿನ ಜಾವ ಬೆಂಕಿ ಬಿದ್ದಾಗ, ಸಂಕೋಲೆಯಲ್ಲಿದ್ದ ರೋಗಿಗಳು ಓಡಲಾರದೆ ಸುಟ್ಟುಹೋದರು. ಸತ್ತವರು 28 ಮಂದಿ. ಅವರನ್ನು ಅಲ್ಲಿಗೆ ಒಯ್ದು ಬಿಟ್ಟವರು ಪರಕೀಯರಲ್ಲ, ಬಂಧುಗಳು.

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ರಾತ್ರಿಯೆಲ್ಲ ಕೂಗಾಡುವವನನ್ನು, ಕೈಗೆ ಸಿಕ್ಕಿದ್ದನ್ನು ಎಸೆಯುವವನನ್ನು ಕಟ್ಟದೆ ಮನೆಯವರು ಮಾಡುವುದೇನು? ಅನುಭವಿಸಿದವರ ಈ ಸಂಕಟವನ್ನು ಹಗುರವಾಗಿ ಕಾಣಕೂಡದು. ಆದರೆ ರೋಗವು ಆ ಉಗ್ರಾವಸ್ಥೆಗೆ ಒಂದು ದಿನದಲ್ಲಿ ಮುಟ್ಟುವುದು ಅಪರೂಪ. ಮಗಳ ಮದುವೆ ಮುಗಿಯಲಿ, ಮಗನಿಗೆ ಕೆಲಸವಾಗಲಿ, ಊರಿಗೆ ತಿಳಿಯದಿರಲಿ ಎಂದು ಮುಂದೂಡಿದ ತಿಂಗಳುಗಳೇ ಹಲವೆಡೆ ಹಗ್ಗವನ್ನು ಹೊಸೆಯುತ್ತವೆ. ಬೇರೆ ದಾರಿ ಇಲ್ಲವೆಂಬುದೂ ಸುಳ್ಳು. 1950ರ ದಶಕದಲ್ಲಿಯೇ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ವೈದ್ಯ ವಿದ್ಯಾಸಾಗರರು ಆವರಣದಲ್ಲಿ ಡೇರೆಗಳನ್ನು ಹಾಕಿಸಿ ರೋಗಿಗಳೊಡನೆ ಮನೆಯವರನ್ನೂ ಇರಿಸಿಕೊಂಡರು. ರೋಗಿ ಗುಣವಾಗುವುದನ್ನು ಕಣ್ಣಾರೆ ಕಂಡ ಬಂಧುಗಳು ಅವನನ್ನು ಭಯವಿಲ್ಲದೆ ಕರೆದೊಯ್ದರು. 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೇ ಶಿಕ್ಷಣವಿತ್ತು, ಮನೋರೋಗದ ಚಿಕಿತ್ಸೆಯನ್ನು ಹಳ್ಳಿಯ ಬಳಿಗೆ ಒಯ್ಯುವ ಪ್ರಯೋಗ ಆರಂಭವಾಯಿತು. ದೇಶದ ಇತರ ಜಿಲ್ಲೆಗಳಿಗೆ ಅದೇ ಮಾದರಿಯಾಯಿತು. ಹೀಗಿದ್ದರೂ 2015-16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಬಹುತೇಕ ಮನೋರೋಗಗಳಲ್ಲಿ ನೂರಕ್ಕೆ 70ಕ್ಕಿಂತ ಹೆಚ್ಚು ರೋಗಿಗಳಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ.

ಆದುದರಿಂದ ಚರಕನು ದೊಡ್ಡವನೋ ಪಿನೆಲ್ ದೊಡ್ಡವನೋ ಎಂಬ ವಾದವನ್ನು ವಿದ್ಯಾವಂತರು ಕೆಲಕಾಲ ಕಟ್ಟಿಡುವುದು ಒಳ್ಳೆಯದು. ಜ್ವರ ಬಂದವನನ್ನು ವೈದ್ಯರ ಬಳಿಗೆ ಒಯ್ಯುವಂತೆ ಮನಸ್ಸು ಕೆಟ್ಟವನನ್ನೂ ಮೊದಲ ವಾರದಲ್ಲಿಯೇ ಒಯ್ಯಲಿ. ರೋಗದ ಹೆಸರನ್ನು ನಾಚದೆ ಹೇಳಲಿ. ಅಂಥ ಮನೆಯಿಂದ ಹೆಣ್ಣು ತರಲು ಹಿಂಜರಿಯದಿರಲಿ. ಹಬ್ಬದ ದಿನ ಪಂಕ್ತಿಯಲ್ಲಿ ಆ ತಮ್ಮನಿಗೆ, ಆ ಸೋದರತ್ತೆಗೆ ಒಂದು ಎಲೆ ಹಾಕಲಿ. ಇಷ್ಟು ಮಾಡಲಾರದ ಮನೆಗೆ ಚರಕನ ಹೆಸರನ್ನೆತ್ತುವ ಅಧಿಕಾರವೂ ಇಲ್ಲ, ವಿಜ್ಞಾನದ ಹೆಸರನ್ನೆತ್ತುವ ಅಧಿಕಾರವೂ ಇಲ್ಲ.