ಬೀಗ ಹಾಕಿದ ಹಾಡು

ಹಳೆಯ ಹಾಡೆಂದರೆ ಪ್ರಾಣ ಎನ್ನುವವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅವರ ಪ್ರೀತಿಯಿಂದ ಆ ಹಾಡಿಗೆ ಆದ ಲಾಭವೇನು ಎಂದು ಕೇಳುವವರು ಮಾತ್ರ ಇಲ್ಲ. ಗ್ರಾಮಫೋನ್ ಪ್ಲೇಟುಗಳನ್ನು ಕೂಡಿಡುವ ನಮ್ಮ ಕೂಟಗಳ ಮುಂದೆ ಈ ಪ್ರಶ್ನೆಯನ್ನು ಇಡಬೇಕಾಗಿದೆ. ಕೆಲವರಿಗೆ ನೋವಾದೀತು. ಆದರೆ ಗಡಿನಾಡಿನ ಕನ್ನಡಿಗನಿಗೆ ದಾಕ್ಷಿಣ್ಯದಿಂದ ಉಳಿದುಬಂದದ್ದು ಯಾವುದೂ ಇಲ್ಲ.

ಇಂತಹ ಕೂಟಗಳು ನಡೆಯುವ ರೀತಿ ಎಲ್ಲರಿಗೂ ಗೊತ್ತು. ತಿಂಗಳಿಗೊಮ್ಮೆ ಒಬ್ಬರ ಮನೆಯ ಚಾವಡಿಯಲ್ಲಿ ಹತ್ತು ಹದಿನೈದು ಮಂದಿ ಸೇರುತ್ತಾರೆ. ಕಪಾಟಿನ ಬೀಗ ತೆಗೆದು ನಾಲ್ಕು ಪ್ಲೇಟು ಹೊರಬರುತ್ತವೆ. ಪಿ.ಬಿ. ಶ್ರೀನಿವಾಸ್ ಹಾಡುತ್ತಾರೆ, ಎಸ್. ಜಾನಕಿ ಹಾಡುತ್ತಾರೆ. "ಈಗಿನ ಹಾಡಿನಲ್ಲಿ ಏನುಂಟು ಮಾರಾಯರೇ?" ಎಂದು ಒಬ್ಬರು ನಿಟ್ಟುಸಿರು ಬಿಡುತ್ತಾರೆ. "ಈ ಪ್ಲೇಟು ಇಡೀ ತಾಲೂಕಿನಲ್ಲಿ ನನ್ನಲ್ಲಿ ಮಾತ್ರ ಇರುವುದು" ಎಂದು ಇನ್ನೊಬ್ಬರು ಹೇಳುತ್ತಾರೆ. ಚಾ ಆಗುತ್ತದೆ. ಪ್ಲೇಟು ಕಪಾಟಿಗೆ, ಬೀಗದ ಕೈ ಸೊಂಟಕ್ಕೆ. ಮನೆಯ ಮಕ್ಕಳಿಗೆ ಆ ಪೆಟ್ಟಿಗೆಯ ಹತ್ತಿರ ಸುಳಿಯಲೂ ಅಪ್ಪಣೆಯಿಲ್ಲ. ಇದನ್ನು ಸಂಗೀತಪ್ರೇಮ ಎನ್ನುವುದಾದರೆ, ಬ್ಯಾಂಕಿನ ಲಾಕರಿನಲ್ಲಿ ಚಿನ್ನ ಇಡುವುದನ್ನು ಸೌಂದರ್ಯೋಪಾಸನೆ ಎನ್ನಬಹುದು.

ಪ್ಲೇಟು ಹುಟ್ಟಿದ್ದು ಒಬ್ಬನ ದನಿ ಹತ್ತು ಊರಿಗೆ ಕೇಳಲಿ ಎಂದು. 1902ರಲ್ಲಿ ಗ್ರಾಮಫೋನ್ ಕಂಪೆನಿಯವರು ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಹಾಡು ಮುದ್ರಿಸಿಕೊಂಡಾಗ, ಹಾಡು ಮುಗಿಯುತ್ತಿದ್ದಂತೆ ಆಕೆ ತನ್ನ ಹೆಸರನ್ನು ತಾನೇ ಗಟ್ಟಿಯಾಗಿ ಹೇಳಿದರು. ಅದು ಗರ್ವದ ಮಾತಲ್ಲ. ಅಚ್ಚು ಹೋಗಬೇಕಾಗಿದ್ದದ್ದು ಜರ್ಮನಿಯ ಹ್ಯಾನೋವರಿಗೆ. ಇದು ಯಾರ ದನಿಯೆಂದು ಅಲ್ಲಿನ ಕೆಲಸಗಾರರಿಗೆ ತಿಳಿಯಬೇಕಿತ್ತು. ಅದೇ ಗೌಹರ್ ಜಾನ್ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಹೆಸರು ಹೇಳಿದ್ದರಿಂದ ಹೆಸರು ಉಳಿಯಿತು.

ಹೆಸರು ಹೇಳದವರ ಗತಿ ಏನಾಯಿತು? 1949ರ 'ಮಹಲ್' ಚಿತ್ರದ ಪ್ರಸಿದ್ಧ ಹಾಡಿನ ರೆಕಾರ್ಡಿನ ಮೇಲೆ ಮೊದಲು ಅಚ್ಚಾದದ್ದು ಚಿತ್ರದ ಪಾತ್ರವಾದ ಕಾಮಿನಿಯ ಹೆಸರು. ಹಾಡಿದ ಲತಾ ಮಂಗೇಶ್ಕರರ ಹೆಸರಲ್ಲ. ಲತಾ ಅವರಿಗೇ ಹೀಗಾದರೆ, ಕೋರಸ್ಸಿನಲ್ಲಿ ದನಿಗೂಡಿಸಿದವರು, ಕೊಳಲೂದಿದವರು, ತಬಲಾ ನುಡಿಸಿದವರ ಪಾಡೇನು? ಅವರ ಹೆಸರು ಗೊತ್ತಿದ್ದವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಕೇಳಿ ಬರೆದಿಡಬಹುದಾದವರು ನಾವು, ಕಪಾಟಿಗೆ ಬೀಗ ಹಾಕಿ ಕುಳಿತಿದ್ದೇವೆ.

ಹೀಗೆ ಬರೆದಿಡುವುದು ಸಾಧ್ಯವೇ ಎಂದು ಕೇಳುವವರು ಮುಂಬಯಿಯ ಕಡೆ ನೋಡಲಿ. 1990ರಲ್ಲಿ ಅಲ್ಲಿ ಹುಟ್ಟಿದ 'ಸೊಸೈಟಿ ಆಫ್ ಇಂಡಿಯನ್ ರೆಕಾರ್ಡ್ ಕಲೆಕ್ಟರ್ಸ್' ಎಂಬ ಕೂಟ ಪ್ಲೇಟು ಕೇಳಿ ಚಾ ಕುಡಿದು ಚದುರಲಿಲ್ಲ. 'ದಿ ರೆಕಾರ್ಡ್ ನ್ಯೂಸ್' ಎಂಬ ಪತ್ರಿಕೆ ನಡೆಸಿತು. ಮರೆತುಹೋದ ಗಾಯಕರ ವೃತ್ತಾಂತವನ್ನೂ ರೆಕಾರ್ಡುಗಳ ಪಟ್ಟಿಯನ್ನೂ ಅಚ್ಚು ಹಾಕಿತು. ಕಾನ್ಪುರದ ಹರಮಂದಿರ್ ಸಿಂಗ್ 'ಹಮ್ರಾಜ್' ಅವರು 'ಹಿಂದಿ ಫಿಲ್ಮ್ ಗೀತ್ ಕೋಶ್' ಎಂಬ ಸಂಪುಟಗಳಲ್ಲಿ ಹಿಂದಿ ಚಿತ್ರಗೀತೆಗಳನ್ನು ಒಂದೊಂದಾಗಿ ಹುಡುಕಿ ದಾಖಲಿಸಿದರು. ಇವರಿಗೆ ಅರಸೊತ್ತಿಗೆಯ ಬಲವಿರಲಿಲ್ಲ. ಹಾಡಿನ ಮೇಲೆ ಪ್ರೀತಿ ಇತ್ತು, ಕೈಯಲ್ಲಿ ಪೆನ್ನೂ ಇತ್ತು. ನಮ್ಮಲ್ಲಿ ಪ್ರೀತಿ ಮಾತ್ರ ಇದೆ.

ಕೂಟದವರನ್ನಷ್ಟೇ ದೂರಿ ಫಲವಿಲ್ಲ. ಸಿನಿಮಾ ಹಾಡೆಂದರೆ ಮೂಗು ಮುರಿಯುವ ನಮ್ಮ ಸಾಹಿತಿಗಳ ಪಾಲೂ ಇದರಲ್ಲಿದೆ. ಕವಿಗೋಷ್ಠಿಗೆ ಶಾಲು ಹೊದ್ದು ಹೋಗುವವರು ಚಿತ್ರಗೀತೆಯನ್ನು ಅಂಗಳದಿಂದ ಮೇಲಕ್ಕೆ ಹತ್ತಿಸುವುದಿಲ್ಲ. ಈ ಸಂಚಿಕೆಯ ಮಲಯಾಳ ಪುಟಗಳ ಕಡೆಗೆ ಸ್ವಲ್ಪ ಕಣ್ಣು ಹಾಯಿಸಿ. ವಯಲಾರ್ ರಾಮವರ್ಮ, ಪಿ. ಭಾಸ್ಕರನ್, ಓ.ಎನ್.ವಿ. ಕುರುಪ್ ಇವರು ಮಲಯಾಳದ ದೊಡ್ಡ ಕವಿಗಳೂ ಹೌದು, ಸಿನಿಮಾ ಹಾಡು ಬರೆದವರೂ ಹೌದು. ಓ.ಎನ್.ವಿ. ಅವರಿಗೆ ಜ್ಞಾನಪೀಠ ಕೊಡುವಾಗ ಸಿನಿಮಾ ಹಾಡು ಅಡ್ಡ ಬರಲಿಲ್ಲ. ನಮ್ಮಲ್ಲಾದರೂ ಉಡುಪಿ ಸೀಮೆಯ ಪಿ. ಕಾಳಿಂಗರಾಯರು ಕವಿಗಳ ಪದ್ಯಗಳನ್ನು ಪ್ಲೇಟಿಗೆ ಹಾಡಿ, ಪುಸ್ತಕ ಮುಟ್ಟದವರ ಬಾಯಲ್ಲೂ ಕುಣಿಸಲಿಲ್ಲವೇ? 1967ರ 'ಬೆಳ್ಳಿಮೋಡ'ದಲ್ಲಿ ಬೇಂದ್ರೆಯವರ ಪದ್ಯ ಬಂದಾಗ ಬೇಂದ್ರೆ ಸಣ್ಣವರಾದರೇ? ಚಿ. ಉದಯಶಂಕರ್, ಆರ್.ಎನ್. ಜಯಗೋಪಾಲ್ ಬರೆದ ಹಾಡುಗಳನ್ನು ನಾಡಿಗೆ ನಾಡೇ ಹಾಡಿದೆ. ಅವುಗಳ ಬಗ್ಗೆ ಒಂದು ಪುಟ ಬರೆದರೆ ವಾರ್ಷಿಕ ಸಂಚಿಕೆಯ ಮಡಿ ಕೆಡುವುದಿಲ್ಲ.

ಇದು ಎಲ್ಲ ಊರಿಗೂ ಸಲ್ಲುವ ಮಾತಾಯಿತು. ಗಡಿನಾಡಿನ ಮಾತು ಬೇರೆಯೇ ಇದೆ. ನಮ್ಮ ಅಟ್ಟದ ಪೆಟ್ಟಿಗೆಗಳನ್ನು ಬಿಚ್ಚಿ ನೋಡಿ: ಕನ್ನಡದ ಪ್ಲೇಟಿನ ಕೆಳಗೆ ಮಲಯಾಳ, ಅದರ ಕೆಳಗೆ ಹಿಂದಿ. ಕೂಟದವರು ಮೊದಲು ಮಾಡುವ ಕೆಲಸ ಇವನ್ನು ಭಾಷೆಯ ಪ್ರಕಾರ ಬೇರೆ ಮಾಡುವುದು! 1956ರಲ್ಲಿ ನಕ್ಷೆಯ ಮೇಲೆ ಎಳೆದ ಗೆರೆಯಿಂದ ನೊಂದವರು ಕಪಾಟಿನೊಳಗೆ ಅದೇ ಗೆರೆ ಎಳೆಯುವುದೆಂದರೆ ಏನು ಹೇಳೋಣ! ಆ ಹಾಡುಗಳಿಗೆ ಅಂತಹ ಗೆರೆ ಗೊತ್ತಿರಲಿಲ್ಲ. ದಶಕಗಳ ಕಾಲ ಕನ್ನಡ ಹಾಡು, ಮಲಯಾಳ ಹಾಡು ಎರಡೂ ಮುದ್ರಣವಾದದ್ದು ಮದರಾಸಿನ ಸ್ಟುಡಿಯೋಗಳಲ್ಲಿ. ಪಿ. ಸುಶೀಲಾ, ಎಸ್. ಜಾನಕಿ, ಪಿ.ಬಿ. ಶ್ರೀನಿವಾಸ್ ಎರಡು ಭಾಷೆಗಳಲ್ಲೂ ಹಾಡಿದರು. ಮೂವರ ಮನೆಮಾತು ತೆಲುಗು. ಚಿತ್ತೂರಿನ ಪಿ. ಲೀಲಾ ಕನ್ನಡಕ್ಕೆ ಬಂದರು, ಯೇಸುದಾಸ್ ಬಂದರು. ರಾಜಕುಮಾರ್ ಅವರ ದನಿಯೆಂದು ಕನ್ನಡಿಗರು ವರ್ಷಾನುಗಟ್ಟಲೆ ಮೆಚ್ಚಿ ಕೇಳಿದ್ದು ಆಂಧ್ರದಿಂದ ಬಂದ ಶ್ರೀನಿವಾಸರ ದನಿಯನ್ನು. ಎರಡು ಭಾಷೆಯ ನಡುವೆ ಬದುಕುವವನು ತಲೆತಗ್ಗಿಸಬೇಕಾಗಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

ಇನ್ನೊಂದು ಮಾತು. ಕೇರಳದಲ್ಲಿ ಮಲಯಾಳ ಕಲಿಕೆಯ ಕಾನೂನು ಬಂದ 2017ರಲ್ಲಿ ಕಾಸರಗೋಡಿನ ಕನ್ನಡಿಗರು ಬೀದಿಗಿಳಿದರು. ಸರಿಯಾದದ್ದೇ. ಆದರೆ ಸರಕಾರದ ಮುಂದೆ ಹೋರಾಡಿ ಉಳಿಸಿಕೊಂಡ ಭಾಷೆಯನ್ನು ಮನೆಯೊಳಗೆ ಯಾರು ಉಳಿಸುತ್ತಾರೆ? ನಮ್ಮ ಮೊಮ್ಮಕ್ಕಳಲ್ಲಿ ಎಷ್ಟೋ ಮಂದಿ ಕನ್ನಡ ಅಕ್ಷರ ಓದಲಾರರು. ಓದಲಾರದ ಮಗುವೂ ಕೇಳಬಲ್ಲದು. ಮೂರೂವರೆ ನಿಮಿಷದ ಒಂದು ಹಾಡಿನಲ್ಲಿ ಎಷ್ಟು ಕನ್ನಡ ಇದೆ! ಅಕ್ಷರ ಗೊತ್ತಿಲ್ಲದ ಕಿವಿಗೆ ಕನ್ನಡ ಹೊಗುವುದಕ್ಕೆ ಉಳಿದಿರುವ ಸುಲಭದ ಬಾಗಿಲು ಅದು. ಆ ಬಾಗಿಲಿಗೇ ನಾವು ಬೀಗ ಹಾಕಿದ್ದೇವೆ. ಅಜ್ಜ ತೀರಿಕೊಂಡ ಮೇಲೆ ಆ ಪೆಟ್ಟಿಗೆ ಗುಜರಿಯವನ ತಕ್ಕಡಿಗೋ ಪುರಾತನ ವಸ್ತುಗಳ ವ್ಯಾಪಾರಿಯ ಗಾಜಿನ ಬೀರುವಿಗೋ ಹೋಗುತ್ತದೆ.

"ಎಲ್ಲವೂ ಈಗ ಮೊಬೈಲಿನಲ್ಲಿ ಸಿಗುತ್ತದಲ್ಲ?" ಎನ್ನುವವರಿದ್ದಾರೆ. ಸಿಗುತ್ತದೆ. ಹಾಡು ಬರೆದವರ ಹೆಸರಿಲ್ಲದೆ, ರಾಗ ಹಾಕಿದವರ ಹೆಸರು ತಪ್ಪಾಗಿ, ವರ್ಷವಿಲ್ಲದೆ, ಅರ್ಧಕ್ಕೆ ಕತ್ತರಿಸಿ ಸಿಗುತ್ತದೆ. ಯಾರೋ ಒಬ್ಬ ಸಂಗ್ರಾಹಕ ತನ್ನ ಪ್ಲೇಟಿನಿಂದ ಇಳಿಸಿ ಹಾಕಿದ್ದರಿಂದ ಅಷ್ಟಾದರೂ ಸಿಗುತ್ತದೆ. ಯಾರೂ ಇಳಿಸದ ಹಾಡು ಎಲ್ಲಿಯೂ ಸಿಗುವುದಿಲ್ಲ.

"ಕೊಟ್ಟರೆ ಒಡೆದು ಹಾಕುತ್ತಾರೆ" ಎನ್ನುವುದು ಇನ್ನೊಂದು ನೆವ. ಅರಗಿನ ಪ್ಲೇಟು ಕೈಜಾರಿದರೆ ಒಡೆಯುತ್ತದೆ, ನಿಜ. ಆದರೆ ಕಪಾಟಿನಲ್ಲಿಯೂ ಅದು ಸುಖವಾಗಿಲ್ಲ. ನಮ್ಮ ಆಟಿಯ ಮಳೆಯಲ್ಲಿ ಬೂಷ್ಟು ಹಿಡಿಯುತ್ತದೆ. ಒಂದರ ಮೇಲೊಂದು ಮಲಗಿಸಿಟ್ಟರೆ ಭಾರಕ್ಕೆ ಸೊಟ್ಟಗಾಗುತ್ತದೆ, ಬಿರುಕು ಬಿಡುತ್ತದೆ. ಬೂಷ್ಟು ತೆಗೆಯಲು ಸ್ಪಿರಿಟ್ ಹಚ್ಚುವ ಬುದ್ಧಿವಂತರಿಗೆ ಸ್ಪಿರಿಟಿನಲ್ಲಿ ಅರಗು ಕರಗುತ್ತದೆಂಬುದು ಗೊತ್ತಿಲ್ಲ. ತುಕ್ಕು ಹಿಡಿದ ಮುಳ್ಳು ಪ್ರತಿ ಸಲವೂ ಹಾಡನ್ನು ಒಂದಿಷ್ಟು ಕೆರೆದು ತೆಗೆಯುತ್ತದೆ. ಬೀಗ ಹಾಕಿದ ಮಾತ್ರಕ್ಕೆ ಹಾಡು ಉಳಿಯುವುದಿಲ್ಲ.

ಆದ್ದರಿಂದ ಕೂಟಗಳಿಗೆ ಮೂರೇ ಬೇಡಿಕೆ. ಒಂದು, ತಮ್ಮಲ್ಲಿರುವ ಪ್ಲೇಟುಗಳ ಪಟ್ಟಿಯನ್ನು ಕನ್ನಡ, ಮಲಯಾಳ ಎರಡೂ ಲಿಪಿಗಳಲ್ಲಿ ಬರೆಯಲಿ: ಲೇಬಲಿನ ನಂಬರು, ಚಿತ್ರ, ಹಾಡಿದವರು, ಬರೆದವರು, ರಾಗ ಹಾಕಿದವರು. ಎರಡು, ಪ್ಲೇಟಿನಿಂದ ದನಿಯನ್ನು ಒಮ್ಮೆ ಸರಿಯಾಗಿ ಇಳಿಸಿಡಲಿ. ಹಕ್ಕಿನ ಮಾತೆತ್ತಿ ಇದನ್ನು ಮುಂದೂಡಬೇಡಿ. ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷಕ್ಕೆ ಮುಗಿಯುತ್ತದೆ. ಬರೆದವರ, ರಾಗ ಹಾಕಿದವರ ಹಕ್ಕು ಅವರು ತೀರಿಕೊಂಡ ಮೇಲೆಯೂ 60 ವರ್ಷ ಇರುತ್ತದೆ. ಆ ಲೆಕ್ಕ ನೋಡಿಯೇ ಊರಿಗೆ ಹಂಚಬೇಕು. ಪಟ್ಟಿ ಬರೆಯಲು ಯಾರ ಅಪ್ಪಣೆಯೂ ಬೇಡ. ಮೂರು, ತಿಂಗಳ ಕೂಟ ಚಾವಡಿಯಿಂದ ಶಾಲೆಯ ಜಗಲಿಗೆ ಇಳಿಯಲಿ. ಮಕ್ಕಳು ಪ್ಲೇಟನ್ನು ಮುಟ್ಟಲಿ, ಮುಳ್ಳು ಇಡುವುದನ್ನು ಕಲಿಯಲಿ, ಅಂಚಿನಲ್ಲಿ ಹಿಡಿಯುವುದನ್ನು ಕಲಿಯಲಿ. ಹತ್ತರಲ್ಲಿ ಒಂದು ಒಡೆದೀತು. ಒಂಬತ್ತು ಹಾಡು ನೂರು ಬಾಯಿಗೆ ಹೋದೀತು.

ಈ ಮೂರನ್ನೂ ಮಾಡಲಾಗದವರು ಪ್ಲೇಟು ಕೂಡಿಡಲಿ, ಬೇಡವೆನ್ನುವುದಿಲ್ಲ. ಆದರೆ ತಮ್ಮನ್ನು ಸಂಗೀತಪ್ರೇಮಿಗಳೆಂದು ಕರೆದುಕೊಳ್ಳುವುದು ಬೇಡ. ಗುಜರಿಯವನಾದರೂ ತಾನು ತೂಕಕ್ಕೆ ಕೊಳ್ಳುವವನೆಂದು ಒಪ್ಪಿಕೊಳ್ಳುತ್ತಾನೆ.