ಕಡಲಿನ ಉಳುಮೆ

ಜೀರಹಳ್ಳಿಯ ರೈತನು ಹೊಲವನ್ನು ಆಳವಾಗಿ ಉತ್ತಾಗ ಅಡಿಯ ಮಣ್ಣು ಮೇಲಕ್ಕೆ ಬರುತ್ತದೆ. ಕಡಲಿಗೂ ಅಂಥದೊಂದು ಉಳುಮೆ ಬೇಕು. ಭೂಪಟದಲ್ಲಿ ಕಡಲೆಲ್ಲವೂ ಒಂದೇ ನೀಲಿಯಾಗಿ ಕಂಡರೂ ಅದರ ಫಲವತ್ತತೆ ಎಲ್ಲೆಡೆ ಒಂದೇ ಸಮನಾಗಿಲ್ಲ.

ಮೀನಿನ ಬಾಳು ನಿಂತಿರುವುದು ಕಣ್ಣಿಗೆ ಕಾಣದಷ್ಟು ಸಣ್ಣದಾದ ಸಸ್ಯಪ್ಲವಕಗಳ ಮೇಲೆ. ಅವುಗಳಿಗೆ ಬಿಸಿಲೂ ಬೇಕು, ನೈಟ್ರೇಟ್, ಫಾಸ್ಫೇಟ್‌ಗಳಂಥ ಪೋಷಕಾಂಶಗಳೂ ಬೇಕು. ಆದರೆ ಸತ್ತ ಜೀವಿಗಳು ಕೆಳಗಿಳಿದು ಅಲ್ಲಿಯೇ ಕರಗುವುದರಿಂದ ಗೊಬ್ಬರವು ಕತ್ತಲಿನ ಆಳದಲ್ಲಿ ಸೇರಿಕೊಳ್ಳುತ್ತದೆ. ಉಷ್ಣವಲಯದ ಕಡಲಲ್ಲಿ ಬೆಚ್ಚಗಿನ ಹಗುರ ನೀರು ತಣ್ಣನೆಯ ಭಾರದ ನೀರಿನ ಮೇಲೆ ಮುಚ್ಚಳದಂತೆ ಕುಳಿತಿರುತ್ತದೆ. ಮೇಲೆ ಬೆಳಕಿದೆ, ಗೊಬ್ಬರವಿಲ್ಲ. ಕೆಳಗೆ ಗೊಬ್ಬರವಿದೆ, ಬೆಳಕಿಲ್ಲ.

ಪಡುವಣ ಕರಾವಳಿಯಲ್ಲಿ ಈ ಮುಚ್ಚಳವನ್ನು ಸರಿಸುವುದು ಮುಂಗಾರು. ಆ ತಿಂಗಳುಗಳಲ್ಲಿ ದಡದುದ್ದಕ್ಕೂ ದಕ್ಷಿಣಾಭಿಮುಖವಾಗಿ ಬೀಸುವ ಗಾಳಿಯು ಭೂಮಿಯ ಪರಿಭ್ರಮಣೆಯ ಪ್ರಭಾವದಿಂದ ಮೇಲ್ಮೈ ನೀರನ್ನು ದಡದಿಂದ ಆಚೆಗೆ ಸರಿಸುತ್ತದೆ. ತೆರವಾದ ಜಾಗಕ್ಕೆ ತಣ್ಣನೆಯ ನೀರು ಕಡಲತಳದ ಇಳಿಜಾರನ್ನೇರಿ ಬರುತ್ತದೆ. ಕೇರಳದ ತೆಂಕಣ ತೀರದಲ್ಲಿ ಮೊದಲಾಗುವ ಈ ಏರಿಕೆ ಕ್ರಮೇಣ ಕಾಸರಗೋಡು, ಮಂಗಳೂರುಗಳವರೆಗೆ ಹಬ್ಬುತ್ತದೆ. ಬೂತಾಯಿ ಮೀನು ಮೊಟ್ಟೆಯಿಡುವುದೂ ಮುಂಗಾರಿನಲ್ಲಿಯೇ. ಆದರೆ ನೇತ್ರಾವತಿಯಂಥ ಹೊಳೆಗಳು ತರುವ ಸಿಹಿನೀರು ಮತ್ತೊಂದು ಮುಚ್ಚಳವಾಗಿ ಕೆಳಗಿನ ನೀರನ್ನು ತಡೆಯುವುದುಂಟು. ಮೇಲೇರುವ ನೀರಿನಲ್ಲಿ ಆಮ್ಲಜನಕವೂ ಕಡಿಮೆ. ಅದೇ ನೀರು ಉಣಿಸುತ್ತದೆ, ಅದೇ ನೀರು ಉಸಿರನ್ನೂ ಕಟ್ಟಿಸುತ್ತದೆ.

ಕಡಲತಳದ ಆಕಾರವು ಎಷ್ಟು ಬೆಲೆಬಾಳುತ್ತದೆಂಬುದನ್ನು ಅರಿಯಲು ತಮಿಳುನಾಡಿನ ತುದಿಗೆ ಹೋಗಬೇಕು. ಕನ್ಯಾಕುಮಾರಿಯ ದಕ್ಷಿಣಕ್ಕೆ ಸುಮಾರು 10,000 ಚದರ ಕಿಲೋಮೀಟರು ಹರಡಿರುವ ವಾಡ್ಜ್ ಬ್ಯಾಂಕ್ ಎಂಬ ಕಡಲೊಳಗಿನ ಹಾಸು ಸುತ್ತಲಿನ ಆಳಕ್ಕೆ ಹೋಲಿಸಿದರೆ ಜಗಲಿಯಂತಿದೆ. ಹರಿವ ನೀರು ಇಂಥ ಎತ್ತರಕ್ಕೆ ತಾಗಿದಾಗ ಕದಡುತ್ತದೆ. ಪೋಷಕಾಂಶಗಳು ಬೆಳಕಿಗೆ ಹತ್ತಿರವಾಗುತ್ತವೆ. ಎರಡು ರಾಷ್ಟ್ರಗಳು ಇದರ ಬಗ್ಗೆ ಕಾಗದ ಬರೆದುಕೊಂಡದ್ದು ಸುಮ್ಮನೆಯಲ್ಲ. 1976ರಲ್ಲಿ ಭಾರತ ಮತ್ತು ಶ್ರೀಲಂಕಾಗಳ ನಡುವಿನ ಪತ್ರವ್ಯವಹಾರವು ಈ ಹಾಸು ಭಾರತದ ಪ್ರತ್ಯೇಕ ಆರ್ಥಿಕ ವಲಯದೊಳಗಿದೆಯೆಂದು ಒಪ್ಪಿತು. ಶ್ರೀಲಂಕಾದ ಆರು ಹಡಗುಗಳಿಗೆ ಮೂರು ವರ್ಷಗಳ ಮಟ್ಟಿಗೆ, ವರ್ಷಕ್ಕೆ 2,000 ಟನ್ ಮೀರದಂತೆ ಮೀನು ಹಿಡಿಯುವ ಅವಕಾಶ ಉಳಿಯಿತು. ಹೊಲದ ಪಾಲುಪತ್ರದಲ್ಲಿಯೂ ಇಷ್ಟು ಜಾಗರೂಕವಾದ ಲೆಕ್ಕ ಅಪರೂಪ.

ಗೆರೆ ಎಳೆದ ಮಾತ್ರಕ್ಕೆ ಬೆಳೆ ಉಳಿಯದು. ತಳವನ್ನು ಕೆರೆಯುತ್ತ ಸಾಗುವ ಟ್ರಾಲ್ ಬಲೆಯು ಹಿಡಿದ ಮೀನಿನೊಡನೆ ತಳದ ಜೀವಿಗಳ ನೆಲೆಯನ್ನೂ ಕೀಳುತ್ತದೆ. ಆದುದರಿಂದ ಯಾಂತ್ರಿಕ ದೋಣಿಗಳಿಗೆ ವರ್ಷದಲ್ಲಿ 61 ದಿನ ರಜೆ: ತಮಿಳುನಾಡಿನ ಮೂಡಣ ತೀರದಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ, ಪಡುವಣ ತೀರದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ. ಕನ್ಯಾಕುಮಾರಿ ಜಿಲ್ಲೆಯೊಂದರಲ್ಲಿಯೇ ಎರಡು ತೀರ, ಎರಡು ಪಂಚಾಂಗ. ಮುಂಗಾರಿಗೆ ಹೊಂದಿಕೊಂಡ ಪಡುವಣದ ಗಡುವು ಕಡಲಿನ ದೃಷ್ಟಿಯಿಂದ ನ್ಯಾಯವಾದುದು. ದಡದವರ ದೃಷ್ಟಿಯಿಂದ ಹಾಗೆನ್ನಲಾಗದು. ತಮಿಳುನಾಡು ಸರ್ಕಾರವು 2023ರಲ್ಲಿ ಘೋಷಿಸಿದಂತೆ ಆ ಅವಧಿಯ ಪರಿಹಾರ ಕುಟುಂಬವೊಂದಕ್ಕೆ 8,000 ರೂಪಾಯಿ. ದಿನಕ್ಕೆ ಲೆಕ್ಕ ಹಾಕಿದರೆ ನೂರ ಮೂವತ್ತೊಂದು ರೂಪಾಯಿ ಚಿಲ್ಲರೆ.