ಆಸ್ಪತ್ರೆ ಹತ್ತಿರ, ತಪಾಸಣೆ ದೂರ

ಬೆಂಗಳೂರಿನ ಹೊರವಲಯದಲ್ಲಿ ನೆಲೆಸಿರುವ ನಮ್ಮ ಕುಟುಂಬಗಳಿಗೆ ಇಂದು ಸಾರಿಗೆಯ ಕೊರತೆಯಿದೆಯೆಂದು ಹೇಳುವಂತಿಲ್ಲ. 2014ರಲ್ಲಿ ಪೀಣ್ಯಕ್ಕೆ, 2023ರಲ್ಲಿ ವೈಟ್‌ಫೀಲ್ಡ್‌ಗೆ, 2025ರಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಮೂಲಕ ಬೊಮ್ಮಸಂದ್ರಕ್ಕೆ ಮೆಟ್ರೋ ಬಂದಿತು. ಕ್ಯಾನ್ಸರ್ ಚಿಕಿತ್ಸೆಯ ಕೊರತೆಯೂ ಈ ನಗರದಲ್ಲಿಲ್ಲ. 1973ರಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯು ಹೊಸೂರು ರಸ್ತೆಯಲ್ಲಿದೆ. ಬೊಮ್ಮಸಂದ್ರದಲ್ಲಿ 2009ರಿಂದ ಮಜುಂದಾರ್ ಷಾ ಕ್ಯಾನ್ಸರ್ ಕೇಂದ್ರವಿದೆ. ಆದರೂ ರೋಗಿಗಳಲ್ಲಿ ಬಹುಮಂದಿ ಆಸ್ಪತ್ರೆಯ ಮೆಟ್ಟಿಲು ಹತ್ತುವ ವೇಳೆಗೆ ರೋಗ ಬಲಿತಿರುತ್ತದೆ. ಇದಕ್ಕೆ ಕಾರಣವನ್ನು ನಾವು ರಸ್ತೆಯಲ್ಲಲ್ಲ, ಮನೆಯಲ್ಲಿಯೂ ಕಾರ್ಖಾನೆಯಲ್ಲಿಯೂ ಹುಡುಕಬೇಕಾಗಿದೆ.

ಸಿದ್ಧ ಉಡುಪು ಕಾರ್ಖಾನೆಯಲ್ಲಿ ಹೊಲಿಯುವ ತಾಯಿಯೊಬ್ಬಳಿಗೆ ಎದೆಯಲ್ಲಿ ಗಂಟೊಂದು ಕೈಗೆ ತಗಲಿತೆನ್ನೋಣ. ಅದು ನೋಯುವುದಿಲ್ಲ. ನೋಯದ ಗಂಟಿಗಾಗಿ ಒಂದು ದಿನದ ಕೂಲಿಯನ್ನೇಕೆ ಕಳೆದುಕೊಳ್ಳಬೇಕೆಂದು ಆಕೆ ಸುಮ್ಮನಾಗುತ್ತಾಳೆ. ಮಗಳಿಗೆ ಸಂಬಂಧ ಕೂಡಿಬರುವ ಸಮಯವಾದರಂತೂ ಮನೆಯಲ್ಲಿ ಬಾಯಿ ಬಿಡುವುದೇ ಇಲ್ಲ. ಸಾಫ್ಟ್‌ವೇರ್ ಸಂಸ್ಥೆಯಲ್ಲಿರುವ ಮಗನಿಗೆ ಕಂಪನಿಯ ವಾರ್ಷಿಕ ತಪಾಸಣೆ ಉಂಟು. ಮೊಮ್ಮಗುವನ್ನು ನೋಡಿಕೊಳ್ಳಲು ಊರಿನಿಂದ ಬಂದಿರುವ ಅವನ ತಾಯಿಗೆ, ಅದೇ ಕಟ್ಟಡದ ನೆಲ ಒರೆಸುವ ಗುತ್ತಿಗೆ ಕೆಲಸದಾಕೆಗೆ ಯಾವ ತಪಾಸಣೆಯೂ ಇಲ್ಲ. ನೋವು ಬಂದ ಮೇಲೆ ವೈದ್ಯರನ್ನು ಕಾಣುವುದು ನಮ್ಮ ಹಳೆಯ ರೂಢಿ. ತಪಾಸಣೆಯಾದರೋ ಏನೂ ನೋವಿಲ್ಲದವರು ಮಾಡಿಸಿಕೊಳ್ಳಬೇಕಾದುದು. ಈ ಒಂದು ವ್ಯತ್ಯಾಸ ಮನದಟ್ಟಾಗದೆ ಎಷ್ಟು ಶಿಬಿರಗಳನ್ನು ನಡೆಸಿದರೂ ಪ್ರಯೋಜನವಾಗಲಾರದು.

ಮೂವತ್ತು ವರ್ಷ ದಾಟಿದವರಿಗೆ ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್ ತಪಾಸಣೆಯನ್ನು ಐದು ವರ್ಷಕ್ಕೊಮ್ಮೆ ನಡೆಸಬೇಕೆಂಬುದು ಸರ್ಕಾರದ ರಾಷ್ಟ್ರೀಯ ಕಾರ್ಯಕ್ರಮದ ಕ್ರಮ. ಇದಕ್ಕೆ ಬೃಹತ್ ಯಂತ್ರಗಳು ಬೇಕೆಂಬುದು ತಪ್ಪು ಕಲ್ಪನೆ. ಬಾಯಿಯ ಪರೀಕ್ಷೆಗೆ ಒಳ್ಳೆಯ ಬೆಳಕು, ಬಲ್ಲವರ ಕಣ್ಣು ಸಾಕು. ಬಿಳಿ ಅಥವಾ ಕೆಂಪು ಮಚ್ಚೆ, ಎರಡು ಮೂರು ವಾರವಾದರೂ ಮಾಯದ ಹುಣ್ಣು, ದಿನೇ ದಿನೇ ಬಾಯಿ ತೆರೆಯಲಾಗದಿರುವುದು, ಇವು ಎಚ್ಚರಿಕೆಯ ಗುರುತುಗಳು. ಗುಟ್ಕಾ, ಎಲೆ ಅಡಿಕೆಯೊಡನೆ ಹೊಗೆಸೊಪ್ಪು ಜಗಿಯುವವರು ಇದನ್ನು ಅಲಕ್ಷಿಸಲೇಬಾರದು. ತಿರುವನಂತಪುರ ಜಿಲ್ಲೆಯಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತಂಬಾಕು ಅಥವಾ ಮದ್ಯದ ಅಭ್ಯಾಸವಿದ್ದವರ ಬಾಯಿಯನ್ನು ಹೀಗೆ ನೋಡಿದ್ದರಿಂದಲೇ ಬಾಯಿ ಕ್ಯಾನ್ಸರಿನ ಮರಣ ಸುಮಾರು ಮೂರನೆಯ ಒಂದು ಪಾಲು ಕಡಿಮೆಯಾಯಿತು.

ಗರ್ಭಕಂಠಕ್ಕೆ ತೆಳುವಾದ ಅಸಿಟಿಕ್ ಆಮ್ಲವನ್ನು, ಅಂದರೆ ಅಡುಗೆಮನೆಯ ವಿನೆಗರಿನಲ್ಲಿರುವ ಅದೇ ಆಮ್ಲವನ್ನು, ಸವರಿ ಒಂದು ನಿಮಿಷ ಕಾದರೆ ರೋಗದತ್ತ ತಿರುಗುತ್ತಿರುವ ಭಾಗ ಬಿಳಿಚಿಕೊಳ್ಳುತ್ತದೆ. ಕ್ಯಾನ್ಸರ್ ಆಗುವ ಮುನ್ನವೇ ಅದನ್ನು ತೆಗೆದುಹಾಕಬಹುದು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು ಕೊಳಗೇರಿಗಳ ಸ್ತ್ರೀಯರಲ್ಲಿ, ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತೆಯರಿಂದಲೇ ಈ ಪರೀಕ್ಷೆ ಮಾಡಿಸಿದಾಗ ಗರ್ಭಕಂಠ ಕ್ಯಾನ್ಸರಿನ ಮರಣ ನೂರಕ್ಕೆ 31ರಷ್ಟು ತಗ್ಗಿತೆಂದು 2013ರಲ್ಲಿ ವರದಿಯಾಯಿತು. ಅಲ್ಲಿಯೇ ಕೈಯಿಂದ ಸ್ತನ ಪರೀಕ್ಷೆ ನಡೆಸಿದ್ದರಿಂದ ಐವತ್ತು ಮೀರಿದ ಸ್ತ್ರೀಯರಲ್ಲಿ ಸ್ತನ ಕ್ಯಾನ್ಸರಿನ ಮರಣ ಸುಮಾರು ನೂರಕ್ಕೆ 30ರಷ್ಟು ಕಡಿಮೆಯಾದುದು 2021ರಲ್ಲಿ ಪ್ರಕಟವಾಯಿತು. ಬಾಲಕಿಯರಿಗೆ 9ರಿಂದ 14ರ ಪ್ರಾಯದೊಳಗೆ ನೀಡುವ ಎಚ್.ಪಿ.ವಿ. ಲಸಿಕೆಯ ಬಗ್ಗೆ ಕೆಲವು ತಾಯಂದಿರಿಗೆ ಹಿಂಜರಿಕೆಯಿದೆ. ಮಗಳಿಗೆ ಲಸಿಕೆ ಹಾಕಿಸುವುದು ಅವಳ ಶೀಲವನ್ನು ಶಂಕಿಸಿದಂತಲ್ಲ.

ಇದೇ ವೇಳೆ, ಒಂದು ಹನಿ ರಕ್ತದಿಂದ ಎಲ್ಲ ಕ್ಯಾನ್ಸರನ್ನೂ ಕಂಡುಹಿಡಿಯುವೆವೆಂಬ ರಿಯಾಯಿತಿ ದರದ ಜಾಹೀರಾತುಗಳಿಗೆ ಮರುಳಾಗಬಾರದು. ಆರೋಗ್ಯವಂತರಿಗೆ ಅವು ವೃಥಾ ಭೀತಿಯನ್ನೋ ಹುಸಿ ಧೈರ್ಯವನ್ನೋ ತರುವುದೇ ಹೆಚ್ಚು.

ರೋಗ ದೃಢಪಟ್ಟ ಮನೆಯಲ್ಲಿ ಮೊದಲು ಕೇಳಿಬರುವ ಮಾತು, ‘ಕತ್ತಿ ತಾಗಿಸಿದರೆ ಹರಡುತ್ತದೆ’ ಎಂಬುದು. ಬಯಾಪ್ಸಿಯಿಲ್ಲದೆ ಅದು ಯಾವ ಬಗೆಯ ಕ್ಯಾನ್ಸರ್ ಎಂದು ತಿಳಿಯುವಂತಿಲ್ಲ, ಅದು ತಿಳಿಯದೆ ಚಿಕಿತ್ಸೆಯೂ ಇಲ್ಲ. ಶಸ್ತ್ರಕ್ರಿಯೆ, ವಿಕಿರಣ, ಔಷಧ ಇವುಗಳಲ್ಲಿ ಯಾವುದು ಮೊದಲು, ಯಾವುದು ಬೇಡ ಎಂಬುದನ್ನು ರೋಗದ ಬಗೆ ಮತ್ತು ಹಂತ ನಿರ್ಧರಿಸುತ್ತವೆ. ಆದುದರಿಂದ ನೆರೆಮನೆಯವರ ಚಿಕಿತ್ಸೆಯೊಡನೆ ಹೋಲಿಸಿ ಎದೆಗುಂದಬೇಕಾಗಿಲ್ಲ. ಇದು ಅಂಟುರೋಗವಲ್ಲ, ತಟ್ಟೆ ಲೋಟಗಳನ್ನು ಬೇರೆ ಇಡುವುದು ರೋಗಿಯ ಮನಸ್ಸನ್ನು ಕೊಲ್ಲುವ ಕೆಲಸ.

ಹಣದ ಚಿಂತೆ ನಿಜವಾದುದೇ. 2018ರಿಂದ ಜಾರಿಯಲ್ಲಿರುವ ಆಯುಷ್ಮಾನ್ ಭಾರತ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ನೆರವುಂಟು. ಇ.ಎಸ್.ಐ. ವಂತಿಗೆ ಕಟ್ಟುವ ಕಾರ್ಮಿಕರು ಇನ್ನೊಂದು ಸಂಗತಿಯನ್ನು ತಿಳಿದಿರಬೇಕು: ಕ್ಯಾನ್ಸರ್ ಸೇರಿದಂತೆ ದೀರ್ಘಕಾಲದ ಕೆಲವು ರೋಗಗಳಿಗೆ, ಸೇವೆ ಮತ್ತು ವಂತಿಗೆಯ ನಿಬಂಧನೆಗಳು ಪೂರೈಸಿದ್ದರೆ, ವೇತನದ ನೂರಕ್ಕೆ 80ರಷ್ಟನ್ನು ಎರಡು ವರ್ಷಗಳವರೆಗೆ ಪಡೆಯಬಹುದು. ಇದನ್ನರಿಯದೆ ಕೆಲಸಕ್ಕೆ ರಾಜೀನಾಮೆಯಿತ್ತು ಚಿಕಿತ್ಸೆಗೆ ಹೊರಡುವವರು ವೇತನದೊಡನೆ ವಿಮೆಯ ಆಸರೆಯನ್ನೂ ಕಳೆದುಕೊಳ್ಳುವ ಅಪಾಯವಿದೆ.

ಗುಣವಾಗದ ರೋಗಿಗೆ ‘ಇನ್ನೇನೂ ಮಾಡುವಂತಿಲ್ಲ’ ಎಂದು ಕೈಚೆಲ್ಲುವುದು ಸರಿಯಲ್ಲ. ವೈಟ್‌ಫೀಲ್ಡಿನ ಕಡೆ ಹೋಗುವ ದಾರಿಯಲ್ಲಿ, ಮಾರತ್‌ಹಳ್ಳಿಯ ಸಮೀಪದ ‘ಕರುಣಾಶ್ರಯ’ವು 1999ರಿಂದ ಇಂತಹ ಕ್ಯಾನ್ಸರ್ ರೋಗಿಗಳನ್ನು ಜಾತಿ ಮತ ನೋಡದೆ, ಬಿಡಿಗಾಸನ್ನೂ ಪಡೆಯದೆ ಆರೈಕೆ ಮಾಡುತ್ತಿದೆ. ನೋವನ್ನು ಅನುಭವಿಸಿಯೇ ತೀರಬೇಕು, ಮಾರ್ಫಿನ್ ಕೊಡಿಸುವುದು ಪಾಪವೆಂದು ನಂಬಿದ ಹಿರಿಯರು ನಮ್ಮಲ್ಲಿದ್ದಾರೆ. ನೋವು ನೀಗಲು ಇಂಥ ಔಷಧಗಳನ್ನು ಬಳಸುವುದು ಧರ್ಮಸಮ್ಮತವೆಂದು ಜಗದ್ಗುರು ಹನ್ನೆರಡನೆಯ ಪಿಯೂಸರು 1957ರಲ್ಲಿಯೇ ವೈದ್ಯರಿಗೆ ತಿಳಿಸಿದ್ದರು. 2014ರ ಕಾನೂನು ತಿದ್ದುಪಡಿಯ ನಂತರ ಆಸ್ಪತ್ರೆಗಳಿಗೆ ಮಾರ್ಫಿನ್ ದೊರೆಯುವುದೂ ಸುಲಭವಾಗಿದೆ. ರಾತ್ರಿಯಿಡೀ ನರಳುವ ತಂದೆಯ ಪಕ್ಕದಲ್ಲಿ ಜಪಸರ ಹಿಡಿದು ಕೂರುವ ಮಕ್ಕಳು ಬೆಳಗಾದೊಡನೆ ವೈದ್ಯರ ಬಳಿಗೂ ಹೋಗಲಿ.

ಕಾರ್ಖಾನೆಗಳ ಮತ್ತು ಐ.ಟಿ. ಸಂಸ್ಥೆಗಳ ಆಡಳಿತವರ್ಗವನ್ನು ನಾವು ಕೇಳುವುದಿಷ್ಟು: ಮೂವತ್ತು ದಾಟಿದ ಪ್ರತಿಯೊಬ್ಬರಿಗೂ, ಗುತ್ತಿಗೆಯವರೂ ಸೇರಿ, ತಪಾಸಣೆಗಾಗಿ ಅರ್ಧ ದಿನದ ವೇತನಸಹಿತ ರಜೆ. ಇನ್ನು ನಮ್ಮ ಧರ್ಮಕೇಂದ್ರಗಳ ಮಹಿಳಾ ಸಂಘಗಳು ಫೆಬ್ರವರಿ 4ರ ವಿಶ್ವ ಕ್ಯಾನ್ಸರ್ ದಿನಕ್ಕೆ ಭಾಷಣ ಏರ್ಪಡಿಸುವುದಕ್ಕಿಂತ, ಭಾನುವಾರದ ಬಲಿಪೂಜೆಯ ನಂತರ ಹೆಸರುಗಳನ್ನು ಬರೆದುಕೊಂಡು, ವಾರದ ನಡುವೆ ಐದಾರು ಮಂದಿ ಒಟ್ಟಾಗಿ ಆರೋಗ್ಯ ಕೇಂದ್ರಕ್ಕೆ ಹೋಗುವ ಏರ್ಪಾಡು ಮಾಡಲಿ. ಮರುಪರೀಕ್ಷೆಗೆ ಬರಹೇಳಿದವರು ಹೋದರೋ ಇಲ್ಲವೋ ಎಂದು ಮುಂದಿನ ಭಾನುವಾರ ವಿಚಾರಿಸುವ ಹೊಣೆಯನ್ನೂ ಒಬ್ಬರು ವಹಿಸಿಕೊಳ್ಳಲಿ.